ಆಂಬುಲೆನ್ಸ್, ಫೈರ್ ಡ್ಯೂಟಿಯವರಿಗೆ ಆನ್‌ಲೈನ್ ಮನೋಬಲ ತರಬೇತಿ: ನಿಜಕ್ಕೂ ಉಪಯೋಗ ಆಗುತ್ತಾ?

ಹೊಸಪಾಳಿ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಆಂಬುಲೆನ್ಸ್ ಕೆಲಸಕ್ಕೆ ಸೇರಿ ಜಾಸ್ತಿ ಕಾಲ ಆಗಿಲ್ಲ. ಮೊನ್ನೆ ನಮ್ಮೆಲ್ಲರ ಫೋನಿಗೂ ಒಂದು ಲಿಂಕ್ ಬಂತು. ಮನಸ್ಸು ಗಟ್ಟಿ ಮಾಡಿಕೊಳ್ಳುವ ಆನ್‌ಲೈನ್ ತರಬೇತಿ ಅಂತೆ. ಆರು ಪಾಠ, ಒಂದೊಂದೂ ಅರ್ಧ ಗಂಟೆಯೊಳಗೆ ಮುಗಿಯುತ್ತೆ. ಒಂದಿಷ್ಟು ವಿಡಿಯೊ, ಉಸಿರಾಟದ ಅಭ್ಯಾಸ, ಪಾಠದ ಕೊನೆಗೆ ಪ್ರಶ್ನೆಗಳು. ತಿಂಗಳ ಕೊನೆಯೊಳಗೆ ಮುಗಿಸಿ ಸರ್ಟಿಫಿಕೇಟ್ ಕಳಿಸಬೇಕು.

ನಮ್ಮ ಟೀಮಿನ ಸೀನಿಯರ್ ಒಬ್ಬರು, "ವಿಡಿಯೊ ಓಡಿಸಿ ಫೋನ್ ಪಕ್ಕಕ್ಕಿಡು, ಮುಗಿದ ಮೇಲೆ ನೆಕ್ಸ್ಟ್ ಒತ್ತು, ಅಷ್ಟೇ" ಅಂದರು. ನನಗೆ ಹಾಗೆ ಮುಗಿಸೋಕೆ ಮನಸ್ಸಿಲ್ಲ. ಕೆಲವು ವಾರಗಳ ಹಿಂದೆ ಒಂದು ರಸ್ತೆ ಅಪಘಾತಕ್ಕೆ ಹೋಗಿದ್ದೆವು. ಚಿಕ್ಕ ಹುಡುಗ. ಆಸ್ಪತ್ರೆಯವರೆಗೂ ಸಿಪಿಆರ್ ನಿಲ್ಲಿಸಲಿಲ್ಲ. ಆದರೂ ಉಳಿಯಲಿಲ್ಲ. ಮಾಡಬೇಕಾದ್ದೆಲ್ಲ ಮಾಡಿದ್ದೀರಿ ಅಂತ ಡಾಕ್ಟರೇ ಹೇಳಿದರು. ಆದರೆ ಈಗ ಗ್ಲೌಸ್ ಬಿಚ್ಚುವಾಗ ಆ ರಬ್ಬರ್ ಸದ್ದು ಕೇಳಿದರೆ ಸಾಕು, ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತೆ. ರಾತ್ರಿ ಮಲಗಿದ ಮೇಲೆ "ಎರಡು ನಿಮಿಷ ಮೊದಲೇ ತಲುಪಿದ್ದರೆ?" ಅಂತ ಶುರುವಾಗುತ್ತೆ. ನಿಲ್ಲುವುದಿಲ್ಲ.

ಹೀಗಾಗಿ ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳುತ್ತಿದ್ದೇನೆ. ಫೋನಿನಲ್ಲಿ ಪಾಠ ಕೇಳಿ ಮನಸ್ಸು ಸರಿಹೋಗುತ್ತಾ? ಈಗಾಗಲೇ ನೋಡಬಾರದ್ದನ್ನು ನೋಡಿ ಆದ ಮೇಲೆ ಮಾಡಿದರೆ ಪ್ರಯೋಜನ ಇದೆಯಾ? ಇನ್ನೊಂದು ವಿಷಯ, ಅದರಲ್ಲಿ "ನಿದ್ದೆ ಹೇಗಿದೆ, ಕೆಟ್ಟ ಕನಸು ಬೀಳುತ್ತಾ" ಅಂತೆಲ್ಲ ಕೇಳುತ್ತಾರೆ. ಆ ಉತ್ತರ ಯಾರು ನೋಡುತ್ತಾರೆ? ನಿಜ ಬರೆದರೆ ಡ್ಯೂಟಿಯಿಂದ ತೆಗೆಯುತ್ತಾರಾ?

ಏಣಿಗಾಡಿ

ನಾನು ಅಗ್ನಿಶಾಮಕದಲ್ಲಿದ್ದೇನೆ. ನಮಗೂ ಇಂಥದ್ದೇ ಕೊಟ್ಟಿದ್ದರು. ನನ್ನ ಅನುಭವ ಹೇಳ್ತೀನಿ. ಮನೆಯಲ್ಲಿ ಮಾಡಿ ಅಂದಾಗ ಯಾರೂ ಮಾಡಲಿಲ್ಲ. ರಾತ್ರಿಯಿಡೀ ಹೊಗೆ ಕುಡಿದು ಬಂದವನಿಗೆ ಮನೆಯಲ್ಲಿ ಬೇಕಾಗುವುದು ಸ್ನಾನ ಮತ್ತು ನಿದ್ದೆ. ಆಮೇಲೆ ನಮ್ಮ ಸ್ಟೇಷನ್ ಆಫೀಸರ್ ಬೆಳಗಿನ ಉಪಕರಣ ತಪಾಸಣೆ ಮುಗಿದ ಕೂಡಲೇ ಅದಕ್ಕೆ ಅಂತಲೇ ಹೊತ್ತು ಕೊಟ್ಟರು. ಎಲ್ಲರೂ ಒಟ್ಟಿಗೆ ಕೂತು ನೋಡಿದೆವು. ಮಧ್ಯದಲ್ಲಿ ಬೆಲ್ ಹೊಡೆದರೆ ಎದ್ದು ಓಡುತ್ತಿದ್ದೆವು, ವಾಪಸ್ ಬಂದು ಬಿಟ್ಟಲ್ಲಿಂದ ಶುರು. ಹಾಗೆ ಮಾಡಿದ್ದಕ್ಕೇ ಆರೂ ಪಾಠ ಮುಗಿಯಿತು.

ನನಗೆ ಉಳಿದದ್ದು ಉಸಿರಾಟದ ಅಭ್ಯಾಸ. ಗಾಡಿ ವಾಪಸ್ ಬರುವಾಗ ಈಗಲೂ ಮಾಡುತ್ತೇನೆ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಬೇಕು, ನಿಮಿಷಕ್ಕೆ ಆರು ಉಸಿರಿನ ಹತ್ತಿರ ಬರಬೇಕು. ಎದೆಬಡಿತ ಇಳಿಯುವುದು ನಮಗೇ ಗೊತ್ತಾಗುತ್ತೆ. ಬೇರೆ ಪಾಠಗಳ ಬಗ್ಗೆ ಗೊತ್ತಿರುವವರು ಹೇಳಲಿ.

ಹಳೇಸೈರನ್

ತಂಗಿ, ನೇರವಾಗಿ ಹೇಳ್ತೀನಿ. ಮಾಡಿ. ನೆಕ್ಸ್ಟ್ ಒತ್ತಿ ಮುಗಿಸಬೇಡಿ. ಆ ಆರು ಪಾಠದಲ್ಲಿ ಒಂದೋ ಎರಡೋ ನಿಮ್ಮ ರಾತ್ರಿಗಳನ್ನು ನಿಮಗೆ ವಾಪಸ್ ಕೊಡಬಹುದು. ನಾನು ಬಹಳ ವರ್ಷ ಆಂಬುಲೆನ್ಸ್‌ನ ಹಿಂದಿನ ಸೀಟಿನಲ್ಲಿ ಕೂತವನು. ಈಗ ಡ್ಯೂಟಿ ಜೊತೆಗೆ, ಕೆಟ್ಟ ಕೇಸ್ ಆದ ಮೇಲೆ ಹುಡುಗರ ಹತ್ತಿರ ಕೂತು ಮಾತಾಡುವ ಸಹೋದ್ಯೋಗಿ ತಂಡದಲ್ಲೂ ಇದ್ದೇನೆ. ಈ ತರಬೇತಿ ತಗೊಂಡಿದ್ದೇನೆ, ಬೇರೆಯವರಿಗೆ ಮಾಡಿಸಿಯೂ ಇದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ಹಿಂದೆ ಏನಿತ್ತು ಅಂತ ಗೊತ್ತಿರಲಿ. ನಾನು ಸೇರಿದ ಕಾಲಕ್ಕೆ ದೊಡ್ಡ ಅಪಘಾತ ಆದರೆ ಎಲ್ಲರನ್ನೂ ಸುತ್ತ ಕೂರಿಸಿ, ಏನು ನೋಡಿದಿರಿ, ಏನನ್ನಿಸಿತು, ಹೇಳಿ ಅನ್ನುತ್ತಿದ್ದರು. ಡಿಬ್ರೀಫಿಂಗ್ ಅಂತ ಹೆಸರು. 1983ರಲ್ಲಿ ಇದನ್ನು ಕ್ರಮವಾಗಿ ಬರೆದಿಟ್ಟ ಜೆಫ್ರಿ ಮಿಚೆಲ್ ಕೂಡ ಅಗ್ನಿಶಾಮಕ, ಆಂಬುಲೆನ್ಸ್ ಕೆಲಸ ಮಾಡಿದವರೇ. ಉದ್ದೇಶ ಒಳ್ಳೆಯದಿತ್ತು. ಆದರೆ ಅಪಘಾತದಲ್ಲಿ ಸಿಕ್ಕಿದವರನ್ನು ಒಬ್ಬೊಬ್ಬರಾಗಿ ಕೂರಿಸಿ, ಒಂದೇ ಸಲ ಎಲ್ಲ ಹೇಳಿಸುವುದರಿಂದ ಪಿಟಿಎಸ್‌ಡಿ (ಆಘಾತದ ನೆನಪು ಬಿಡದೆ ಕಾಡುವ ಮಾನಸಿಕ ಕಾಯಿಲೆ) ತಪ್ಪುತ್ತಾ ಅಂತ ಪರೀಕ್ಷೆ ಮಾಡಿ ನೋಡಿದಾಗ, ತಪ್ಪುವುದಿಲ್ಲ ಅಂತ ಗೊತ್ತಾಯಿತು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ತೂಗಿ ನೋಡಿದ 2002ರ ಕಾಕ್ರೇನ್ ಪರಿಶೀಲನೆ ಇದನ್ನೇ ಹೇಳಿತು. ಅದಕ್ಕೂ ಎರಡು ವರ್ಷ ಮೊದಲು ಬ್ರಿಟನ್ನಿನ ಒಂದು ಅಧ್ಯಯನ ರಸ್ತೆ ಅಪಘಾತದ ಗಾಯಾಳುಗಳನ್ನು ಮೂರು ವರ್ಷ ಬಿಟ್ಟು ಮತ್ತೆ ನೋಡಿತ್ತು. ಮೊದಲೇ ತುಂಬಾ ಕಂಗೆಟ್ಟಿದ್ದು, ಡಿಬ್ರೀಫಿಂಗ್ ಕೂಡ ಆದವರು ಹಾಗೇ ಕಂಗೆಟ್ಟು ಉಳಿದಿದ್ದರು. ಅಷ್ಟೇ ಕಂಗೆಟ್ಟಿದ್ದರೂ ಅದಿಲ್ಲದೆ ಬಿಟ್ಟವರು ಚೇತರಿಸಿಕೊಂಡಿದ್ದರು. ಆದ್ದರಿಂದ ಘಟನೆಯಾದ ರಾತ್ರಿಯೇ ಯಾರಾದರೂ ನಿಮ್ಮನ್ನು ಕೂರಿಸಿ "ಎಲ್ಲ ಹೇಳು, ಹಗುರ ಆಗುತ್ತೆ" ಅಂದರೆ, ಈಗ ಬೇಡ ಅನ್ನುವ ಹಕ್ಕು ನಿಮಗಿದೆ. ಹೇಳಬೇಕು ಅನ್ನಿಸಿದರೆ ಹೇಳಿ. ಬಲವಂತ ಮಾತ್ರ ಯಾರೂ ಮಾಡಬಾರದು.

ಈಗಿನ ಆನ್‌ಲೈನ್ ತರಬೇತಿಯ ಹಾದಿ ಬೇರೆ. ಇದು ಏನು ನೋಡಿದೆ ಅಂತ ಕೇಳುವುದಿಲ್ಲ. ನೋಡಿದ ಮೇಲೆ ತಲೆ ಏನು ಮಾಡುತ್ತಿದೆ ಅಂತ ಗಮನಿಸೋಕೆ ಕಲಿಸುತ್ತೆ. ಅದಕ್ಕೊಂದು ಗಟ್ಟಿ ಕಾರಣ ಇದೆ. ಆಕ್ಸ್‌ಫರ್ಡ್‌ನ ಜೆನಿಫರ್ ವೈಲ್ಡ್ ಮತ್ತು ಅವರ ತಂಡ ಹೊಸದಾಗಿ ತರಬೇತಿಗೆ ಸೇರಿದ 450ಕ್ಕೂ ಹೆಚ್ಚು ಪ್ಯಾರಾಮೆಡಿಕ್‌ಗಳನ್ನು ಎರಡು ವರ್ಷ ಹಿಂಬಾಲಿಸಿತು. ಯಾರಿಗೆ ಪಿಟಿಎಸ್‌ಡಿ ಬಂತು ಅಂತ ನೋಡಿದರೆ, ಕೆಲಸಕ್ಕೆ ಬರುವ ಮೊದಲೇ ಹಳೆಯ ಕಹಿ ನೆನಪುಗಳನ್ನು ತಿರುಗಿ ತಿರುಗಿ ಯೋಚಿಸುವ ರೂಢಿ ಇದ್ದವರಿಗೆ ಅಪಾಯ ಜಾಸ್ತಿ ಇತ್ತು. 2016ರಲ್ಲಿ ಇದು ಪ್ರಕಟವಾಯಿತು. ನನಗೆ ಇದರಲ್ಲಿ ದೊಡ್ಡ ಸಮಾಧಾನ ಕಾಣುತ್ತೆ. ನೋಡುವ ದೃಶ್ಯ ನಮ್ಮ ಕೈಯಲ್ಲಿಲ್ಲ. ಯೋಚಿಸುವ ರೂಢಿಯನ್ನಾದರೂ ಬದಲಾಯಿಸಬಹುದು ಅಲ್ವಾ?

ನಿಮ್ಮ "ಎರಡು ನಿಮಿಷ ಮೊದಲೇ ತಲುಪಿದ್ದರೆ" ಇದೆಯಲ್ಲ, ಅದು ಇದೇ ರೂಢಿ. "ಯಾಕೆ ಹೀಗಾಯಿತು", "ಹಾಗಾಗಿದ್ದರೆ" ಅನ್ನುವ ಪ್ರಶ್ನೆಗಳಿಗೆ ಕೊನೆಯೇ ಇಲ್ಲ. ಉತ್ತರ ಹುಡುಕುತ್ತಿದ್ದೇನೆ ಅಂತ ನಮಗೆ ಅನ್ನಿಸುತ್ತೆ. ಆದರೆ ಬೆಳಗಿನವರೆಗೂ ಹುಡುಕಿದರೂ ಸಿಗುವುದಿಲ್ಲ. ಪಾಠದಲ್ಲಿ ಕಲಿಸುವುದು ಇಷ್ಟು: ಮೊದಲು, "ಇಗೋ, ಮತ್ತೆ ಶುರುವಾಯಿತು" ಅಂತ ಗುರುತು ಹಿಡಿಯಬೇಕು. ಆಮೇಲೆ ಪ್ರಶ್ನೆಯನ್ನು "ಯಾಕೆ"ಯಿಂದ "ಹೇಗೆ"ಗೆ ತಿರುಗಿಸಬೇಕು. ಈಗ, ಈ ಹತ್ತು ನಿಮಿಷ, ನಾನು ಏನು ಮಾಡಬಹುದು? ಎದ್ದು ಮುಖ ತೊಳೆಯಬಹುದು. ನಾಳೆಯ ಬ್ಯಾಗಿಗೆ ಬೇಕಾದ್ದನ್ನು ಜೋಡಿಸಬಹುದು. ಒಬ್ಬರಿಗೆ ಮೆಸೇಜ್ ಹಾಕಬಹುದು. ಕೈಗೆ ಕಣ್ಣಿಗೆ ಸಿಗುವಂಥ ಕೆಲಸ ಇರಬೇಕು. ಓದಿದರೆ ಏನೂ ಇಲ್ಲ ಅನ್ನಿಸುತ್ತೆ, ಗೊತ್ತು. ಮಲಗುವ ಕೋಣೆಯ ಕತ್ತಲಲ್ಲಿ ಇದನ್ನು ಮಾಡೋಕೆ ಅಭ್ಯಾಸ ಬೇಕು. ಅದಕ್ಕೇ ಪಾಠವನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಸಿಪಿಆರ್ ಅನ್ನು ಮೊದಲು ಬೊಂಬೆಯ ಎದೆ ಮೇಲೆ ಕಲಿತೆವಲ್ಲ, ಹಾಗೆ.

ಇನ್ನು ಗ್ಲೌಸ್ ಸದ್ದು. ಇದಕ್ಕೂ ಒಂದು ಪಾಠ ಇರುತ್ತೆ. ನನ್ನದೇ ಒಂದು ಹೇಳ್ತೀನಿ. ಒಂದು ಅಪಘಾತದ ಜಾಗದಲ್ಲಿ, ತೀರಿಕೊಂಡವರ ಜೇಬಿನಲ್ಲಿ ಫೋನ್ ರಿಂಗ್ ಆಗುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಮನೆಯವರು ಯಾರೋ ಬಿಡದೆ ಮಾಡುತ್ತಿದ್ದರು. ಅದನ್ನು ಎತ್ತುವುದು ನಮ್ಮ ಕೆಲಸವಲ್ಲ, ಎತ್ತುವ ಹಾಗೂ ಇರಲಿಲ್ಲ. ಫೋನಿನ ಜೊತೆಗೇ ಬರುವ ಮಾಮೂಲಿ ಟ್ಯೂನ್ ಅದು. ಅಂದರೆ ಎಲ್ಲೆಲ್ಲೂ ಕೇಳುವಂಥದ್ದು. ಆಮೇಲೆ ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ಅದು ಕೇಳಿದರೆ ಅಂಗೈ ಬೆವರುತ್ತಿತ್ತು. ಕಣ್ಣು ತಾನಾಗಿ ನೆಲ ನೋಡುತ್ತಿತ್ತು, ಅಲ್ಲಿ ಯಾರೋ ಬಿದ್ದಿದ್ದಾರೆ ಅನ್ನುವ ಹಾಗೆ.

ತರಬೇತಿಯಲ್ಲಿ ಕಲಿಸಿದ್ದು ಇದು. ಆ ಸದ್ದಿನಿಂದ ಓಡಬೇಡ. ಅದೇ ಸದ್ದು, ಆದರೆ ಆವತ್ತಿಗೂ ಈವತ್ತಿಗೂ ಏನೇನು ಬೇರೆ ಇದೆ, ಒಂದೊಂದಾಗಿ ಹೇಳು. ನಾನು ಮನೆಯಲ್ಲಿ ನನ್ನ ಫೋನಿಗೇ ಆ ಟ್ಯೂನ್ ಹಾಕಿಕೊಂಡೆ. ಹಗಲು ಹೊತ್ತಿನಲ್ಲಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇಕೆಂದೇ ರಿಂಗ್ ಮಾಡಿಸಿದೆ. ಆವತ್ತು ರಾತ್ರಿ ಆಗಿತ್ತು, ಈಗ ಹಗಲು. ಆವತ್ತು ಮಳೆ ಬಂದು ರಸ್ತೆ ಒದ್ದೆಯಾಗಿತ್ತು, ಈಗ ಕಾಲ ಕೆಳಗೆ ಒಣ ನೆಲ. ಆವತ್ತು ಕೈಯಲ್ಲಿ ಗ್ಲೌಸ್ ಇತ್ತು, ಈಗ ಬರಿಗೈ. ಆವತ್ತು ಆ ಫೋನ್ ಎತ್ತುವ ಹಾಗಿರಲಿಲ್ಲ. ಈಗ ಎತ್ತಬಹುದು, ಎತ್ತಿದೆ, ಆ ಕಡೆಯಿಂದ ಮಗಳ ದನಿ ಬಂತು. ಮೊದಮೊದಲು ಕಷ್ಟ ಆಯಿತು. ಮಾಡುತ್ತಾ ಮಾಡುತ್ತಾ ಆ ಟ್ಯೂನ್ ಮತ್ತೆ ಬರೀ ಟ್ಯೂನ್ ಆಯಿತು. ನೆನಪು ಹೋಗಿಲ್ಲ. ಆದರೆ ಅದು ಆಗಿಹೋದ ವಿಷಯ ಅಂತ ಈಗ ಮೈಗೂ ಗೊತ್ತು.

ನೀವು ಗ್ಲೌಸ್‌ನಲ್ಲಿ ಇದನ್ನೇ ಮಾಡಬಹುದು. ಡ್ಯೂಟಿ ಇಲ್ಲದ ದಿನ, ನೀವು ನಂಬುವ ಒಬ್ಬರು ಜೊತೆಗಿರುವಾಗ ಒಂದು ಜೊತೆ ಹಾಕಿ, ಬಿಚ್ಚಿ, ಏನೇನು ಬೇರೆ ಅಂತ ಗಟ್ಟಿಯಾಗಿ ಹೇಳಿ. ಸಹಿಸೋಕೆ ಆಗದಷ್ಟು ಕಷ್ಟ ಆದರೆ ಒಬ್ಬರೇ ಮುಂದುವರಿಸಬೇಡಿ, ತಿಳಿದವರ ಜೊತೆ ಮಾಡಿ.

ಫೋನಿನಲ್ಲಿ ಪಾಠ ಕೇಳಿದರೆ ಆಗುತ್ತಾ ಅಂತ ಕೇಳಿದಿರಿ. ಏಣಿಗಾಡಿಯವರು ಹೇಳಿದ್ದಕ್ಕೆ ತಕ್ಕ ಹಾಗೆ ಒಂದು ಪರೀಕ್ಷೆ ನಡೆದಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 24 ಸ್ಟೇಷನ್‌ಗಳ 143 ಅಗ್ನಿಶಾಮಕ ಸಿಬ್ಬಂದಿಯನ್ನು ತಗೊಂಡರು. ಅರ್ಧ ಸ್ಟೇಷನ್‌ಗಳಿಗೆ ಟ್ಯಾಬ್ಲೆಟ್‌ನಲ್ಲಿ ಆರು ಪಾಠದ ತರಬೇತಿ ಕೊಟ್ಟರು, ಒಂದೊಂದೂ 20ರಿಂದ 25 ನಿಮಿಷ. ಉಳಿದವರಿಗೆ ಬೇರೆ ಆರೋಗ್ಯ ಪಾಠ. 2019ರಲ್ಲಿ ಫಲಿತಾಂಶ ಬಂತು. ತರಬೇತಿ ಪಡೆದವರು ಬದಲಾವಣೆಗೆ ಹೊಂದಿಕೊಳ್ಳುವ ಶಕ್ತಿಯಲ್ಲಿ ಮುಂದಿದ್ದರು. ಹೆಚ್ಚು ಪಾಠ ಮುಗಿಸಿದವರಿಗೆ ಲಾಭವೂ ಹೆಚ್ಚು. ಇನ್ನೊಂದು ಕಡೆ, ಇಂಗ್ಲೆಂಡಿನಲ್ಲಿ ತುರ್ತು ಸೇವೆಯವರನ್ನು ಗುಂಪಾಗಿ ಕೂರಿಸಿ ಕೊಟ್ಟ ಒಂದು ಮನೋಬಲ ತರಬೇತಿ, ಅದೇ ವಿಷಯದ ಮಾಹಿತಿಯನ್ನು ಆನ್‌ಲೈನಿನಲ್ಲಿ ಓದಿದವರಿಗಿಂತ ಹೆಚ್ಚಿನ ಪ್ರಯೋಜನ ಕೊಡಲಿಲ್ಲ. ಅದು 2020ರಲ್ಲಿ ಪ್ರಕಟವಾಯಿತು. ಅಂದರೆ ತರಬೇತಿ ಅನ್ನುವ ಹೆಸರಿಗೇ ಶಕ್ತಿ ಇಲ್ಲ. ಯಾವ ರೂಢಿಯನ್ನು ಹಿಡಿದು ತಿದ್ದುತ್ತಾರೆ, ಎಷ್ಟು ಅಭ್ಯಾಸ ಮಾಡಿಸುತ್ತಾರೆ, ಅದರ ಮೇಲೆ ಇದೆ.

ನನ್ನ ಅಭಿಪ್ರಾಯ ಕೇಳಿದರೆ, ಪಾಠದ ಆ ಕಡೆ ಒಬ್ಬ ಮನುಷ್ಯ ಇರಲೇಬೇಕು. ವಾರಕ್ಕೊಮ್ಮೆ ಫೋನ್ ಮಾಡಿ "ಎರಡನೇ ಪಾಠದ ಅಭ್ಯಾಸ ಮಾಡಿದಿರಾ, ಎಲ್ಲಿ ಸಿಕ್ಕಿಹಾಕಿಕೊಂಡಿರಿ" ಅಂತ ಕೇಳುವವರು. ನಾನು ಮಾಡಿಸಿದ ಹುಡುಗರಲ್ಲಿ, ಹೀಗೆ ಕೇಳುವವರಿದ್ದಾಗ ಮುಗಿಸಿದರು. ಲಿಂಕ್ ಮಾತ್ರ ಹೋದಾಗ ಮೂರನೇ ಪಾಠಕ್ಕೆ ಬಿಟ್ಟರು. ಮತ್ತೆ, ಪಾಳಿ ಮೇಲೆ ಪಾಳಿ ಹಾಕಿಸಿ, ನಿದ್ದೆ ಕಿತ್ತುಕೊಂಡು, ಕೈಗೊಂದು ಆ್ಯಪ್ ಕೊಟ್ಟು "ಗಟ್ಟಿಯಾಗಿರಿ" ಅಂದರೆ ನನಗೆ ಸಿಟ್ಟು ಬರುತ್ತೆ. ಜನ ಕಡಿಮೆ ಇದ್ದರೆ ಜನ ತಗೊಳ್ಳಬೇಕು. ಅದನ್ನು ಆ್ಯಪ್ ಮಾಡಿಕೊಡುವುದಿಲ್ಲ.

ಹೆಡ್‌ಸೆಟ್

ಹಳೇಸೈರನ್ ಅಣ್ಣಾ, ನಾನು ಕಂಟ್ರೋಲ್ ರೂಮಿನಲ್ಲಿ ಕರೆ ತಗೊಳ್ಳುವವಳು. ನಾವು ಏನನ್ನೂ ನೋಡುವುದಿಲ್ಲ. ಹಾಗಾಗಿ ಈ ಲಿಂಕ್ ನಮಗೆ ಬರಲೇ ಇಲ್ಲ. ಆದರೆ ಕಿವಿಯಲ್ಲಿ ಕೇಳುವುದು ಕಮ್ಮಿಯೇನಲ್ಲ. ಬೆಂಕಿ ಹತ್ತಿದ ಮನೆಯೊಳಗಿಂದ ಒಬ್ಬರು ಮಾತಾಡುತ್ತಿದ್ದರು. ಗಾಡಿ ಹೊರಟಿದೆ, ಕೆಳಗೆ ಕೂತುಕೊಳ್ಳಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ಇಡಿ ಅಂತ ಹೇಳುತ್ತಲೇ ಇದ್ದೆ. ಆಮೇಲೆ ಲೈನ್ ಕಟ್ಟಾಯಿತು. ಅಷ್ಟೇ. ಅವರು ಬದುಕಿದರಾ ಅಂತ ನಮಗೆ ಯಾರೂ ಹೇಳುವುದಿಲ್ಲ. ಮುಂದಿನ ಕರೆ ಆಗಲೇ ಬಂದಿರುತ್ತೆ.

ಇದನ್ನು ಹೇಳಿಕೊಂಡರೆ "ನೀವು ಎಸಿಯಲ್ಲಿ ಕೂತಿರ್ತೀರಿ" ಅನ್ನುತ್ತಾರೆ. ನಮಗೂ ಇದು ಆಘಾತ ಅಂತ ಲೆಕ್ಕಕ್ಕೆ ಬರುತ್ತಾ? ತರಬೇತಿ ಕೇಳುವ ಹಕ್ಕು ನಮಗಿದೆಯಾ?

ಹಳೇಸೈರನ್

ಖಂಡಿತ ಇದೆ ತಾಯಿ. ಹಾಗೆ ಅಂದವರಿಗೆ ಇದನ್ನು ತೋರಿಸಿ. 2013ರಲ್ಲಿ ಬಂದ ಡಿಎಸ್‌ಎಂ-5, ಅಂದರೆ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ, ಕೆಲಸದ ಕಾರಣಕ್ಕೆ ಘಟನೆಗಳ ಘೋರ ವಿವರಗಳು ಮತ್ತೆ ಮತ್ತೆ ಕಿವಿಗೆ ಕಣ್ಣಿಗೆ ಬೀಳುವುದನ್ನೂ ಪಿಟಿಎಸ್‌ಡಿಗೆ ಕಾರಣವಾಗಬಲ್ಲ ಆಘಾತ ಅಂತ ಒಪ್ಪಿಕೊಂಡಿದೆ. ಮನೆಯಲ್ಲಿ ಕೂತು ಟಿವಿಯಲ್ಲಿ ನೋಡಿದ್ದು ಅದರಲ್ಲಿ ಸೇರುವುದಿಲ್ಲ. ಕೆಲಸವಾಗಿ ಕೇಳಿದ್ದು, ನೋಡಿದ್ದು ಸೇರುತ್ತೆ.

ನಿಮ್ಮ ಕಷ್ಟದಲ್ಲಿ ನಮಗಿಲ್ಲದ ಒಂದು ಭಾಗ ಇದೆ. ನಮಗೆ ಕೊನೆ ಗೊತ್ತಿರುತ್ತೆ, ಎಷ್ಟೇ ಕೆಟ್ಟದ್ದಾಗಿದ್ದರೂ. ನಿಮಗೆ ಕಥೆ ಅರ್ಧಕ್ಕೆ ನಿಲ್ಲುತ್ತೆ, ಉಳಿದರ್ಧವನ್ನು ಮನಸ್ಸೇ ಕಟ್ಟಿಕೊಳ್ಳುತ್ತೆ. ಸಾಮಾನ್ಯವಾಗಿ ನಿಜಕ್ಕಿಂತ ಕೆಟ್ಟದಾಗಿಯೇ ಕಟ್ಟಿಕೊಳ್ಳುತ್ತೆ. ನಾವು ಒಂದು ಬದಲಾವಣೆ ಮಾಡಿಸಿಕೊಂಡೆವು. ಕರೆ ತಗೊಂಡವರು ಕೇಳಿದರೆ, ಗಾಡಿಯವರು ಪಾಳಿ ಮುಗಿಯುವ ಮೊದಲು ಏನಾಯಿತು ಅಂತ ಎರಡು ಸಾಲು ತಿಳಿಸಬೇಕು. ಹೆಸರು, ವಿಳಾಸ ಏನೂ ಇಲ್ಲ. ಹೊರಗೆ ತಂದೆವು, ಆಸ್ಪತ್ರೆಗೆ ತಲುಪಿಸಿದೆವು, ಅಥವಾ ಆಗಲಿಲ್ಲ. ಕೇಳಿದವರಿಗೆ ಮಾತ್ರ. ಬೇಡ ಅನ್ನುವವರಿಗೆ ಹೇಳುವುದಿಲ್ಲ. ಹುಡುಗಿಯೊಬ್ಬಳು ನನ್ನ ಹತ್ತಿರ, "ತೀರಿಹೋದರು ಅಂತ ಗೊತ್ತಾದ ಮೇಲೆ ಅಳೋಕಾದರೂ ಆಯಿತು" ಅಂದಳು. ನಿಮ್ಮಲ್ಲೂ ಕೇಳಿ ನೋಡಿ.

ಪಾಠದಲ್ಲಿ ಎಲ್ಲೆಲ್ಲಿ "ನೋಡಿದ ದೃಶ್ಯ" ಅಂತ ಇದೆಯೋ ಅಲ್ಲೆಲ್ಲ "ಕೇಳಿದ ದನಿ" ಅಂತ ಓದಿಕೊಳ್ಳಿ. ಆವತ್ತು–ಈವತ್ತು ಅಭ್ಯಾಸ ಸದ್ದಿಗೆ ಇನ್ನೂ ಚೆನ್ನಾಗಿ ಹೊಂದುತ್ತೆ. ಇನ್ನೊಂದು, ಕೆಟ್ಟ ಕರೆ ಆದ ಮೇಲೆ ಹೆಡ್‌ಸೆಟ್ ತೆಗೆದು ಸ್ವಲ್ಪ ಹೊತ್ತು ಎದ್ದು ಓಡಾಡೋಕೆ ಬಿಡಬೇಕು ಅಂತ ಬರವಣಿಗೆಯಲ್ಲಿ ಕೇಳಿ. ಒಬ್ಬೊಬ್ಬರೇ ಕೇಳಬೇಡಿ. ಪಾಳಿಯ ಎಲ್ಲರೂ ಸೇರಿ ಸಹಿ ಹಾಕಿ.

ಚಿಕಿತ್ಸಕಿ

ನಾನು ಮನಶ್ಶಾಸ್ತ್ರಜ್ಞೆ. ತುರ್ತು ಸೇವೆಯಲ್ಲಿರುವವರು ನನ್ನ ಹತ್ತಿರ ಬರುತ್ತಾರೆ. ಹಳೇಸೈರನ್ ಅವರು ಬರೆದದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ತರಬೇತಿ ಎಲ್ಲಿ ಸಾಕಾಗುವುದಿಲ್ಲ ಅನ್ನುವುದನ್ನು ಮಾತ್ರ ಸೇರಿಸುತ್ತೇನೆ.

ಹೊಸಪಾಳಿಯವರೇ, ಇಂಥ ಘಟನೆಯಾದ ಮೊದಲ ದಿನಗಳಲ್ಲಿ ನಿದ್ದೆ ಕೆಡುವುದು, ದೃಶ್ಯ ಕಣ್ಣ ಮುಂದೆ ಬರುವುದು, ಬೆಚ್ಚಿಬೀಳುವುದು ಕಾಯಿಲೆ ಅಲ್ಲ. ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತೆ. ಒಂದು ತಿಂಗಳು ದಾಟಿದರೂ ಇಳಿಯದೆ, ಕೆಲಸಕ್ಕೆ, ಮನೆಗೆ ಅಡ್ಡಿ ಆಗುತ್ತಿದ್ದರೆ ಆಗ ಪಿಟಿಎಸ್‌ಡಿ ಇದೆಯಾ ಅಂತ ನೋಡಬೇಕಾಗುತ್ತೆ. ಅದಕ್ಕೆ 20 ಪ್ರಶ್ನೆಗಳ ಪಿಸಿಎಲ್-5 ಅನ್ನುವ ಪಟ್ಟಿ ಇದೆ. 80ಕ್ಕೆ 31–33ರ ಆಸುಪಾಸು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಜ್ಞರನ್ನು ನೋಡಿ ಅನ್ನುತ್ತೇವೆ. ಅಂಕವೇ ರೋಗನಿರ್ಣಯ ಅಲ್ಲ, ಅದು ಬಾಗಿಲು ತಟ್ಟಲು ಒಂದು ಕಾರಣ. ಆದರೆ ಸಾಯಬೇಕು ಅನ್ನಿಸಿದರೆ, ನಿದ್ದೆಗೆ ಅಂತ ಕುಡಿಯೋಕೆ ಶುರುವಾದರೆ ತಿಂಗಳು ಕಾಯಬೇಡಿ. ಅವತ್ತೇ ಬನ್ನಿ. ನಿದ್ದೆ ಮಾತ್ರೆಯನ್ನು ನೀವೇ ಕೊಂಡು ನುಂಗಬೇಡಿ. ಬೆಂಜೊಡಯಜೆಪೈನ್ ಗುಂಪಿನ ಮಾತ್ರೆಗಳು ಪಿಟಿಎಸ್‌ಡಿಯನ್ನು ತಡೆಯುವುದಿಲ್ಲ, ರೂಢಿಯಾಗಿಬಿಡುತ್ತವೆ.

ಪಿಟಿಎಸ್‌ಡಿ ಅಂತಾದರೆ ಅದಕ್ಕೆ ಚಿಕಿತ್ಸೆ ಇದೆ, ಮತ್ತು ಅದು ಚೆನ್ನಾಗಿ ಕೆಲಸ ಮಾಡುತ್ತೆ. ಆಘಾತಕ್ಕೆಂದೇ ರೂಪಿಸಿದ ಸಿಬಿಟಿ ಇದೆ, ಅಂದರೆ ಯೋಚನೆ ಮತ್ತು ನಡವಳಿಕೆಯ ರೂಢಿಯನ್ನು ತಿದ್ದುವ ಮಾತಿನ ಚಿಕಿತ್ಸೆ. ಇಎಂಡಿಆರ್ ಇದೆ, ಅಂದರೆ ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣನ್ನು ಅತ್ತಿತ್ತ ಆಡಿಸುತ್ತಾ ಮಾಡುವ ಚಿಕಿತ್ಸೆ. ನುರಿತವರು ಎದುರಿಗಿದ್ದು, ಕೆಲವು ವಾರಗಳ ಕಾಲ, ನಿಮ್ಮ ವೇಗಕ್ಕೆ ತಕ್ಕಂತೆ ಆ ನೆನಪಿನ ಜೊತೆ ಕೆಲಸ ಮಾಡುತ್ತಾರೆ. ಡಿಬ್ರೀಫಿಂಗ್ ಬೇಡ ಅಂದಿದ್ದಕ್ಕೂ ಇದಕ್ಕೂ ವಿರೋಧ ಇಲ್ಲ. ಅದು ಎಲ್ಲರಿಗೂ ಒಂದೇ ರಾತ್ರಿ ಒಂದೇ ಸಲ. ಇದು ಬೇಕಾದವರಿಗೆ, ಹಂತ ಹಂತವಾಗಿ.

ಆ್ಯಪ್‌ಗಳ ಬಗ್ಗೆ ನನ್ನನ್ನು ತುಂಬಾ ಜನ ಕೇಳುತ್ತಾರೆ. ಅಮೆರಿಕದ ಮಾಜಿ ಸೈನಿಕರ ಇಲಾಖೆ 2011ರಲ್ಲಿ ಪಿಟಿಎಸ್‌ಡಿ ಕೋಚ್ ಅನ್ನುವ ಆ್ಯಪ್ ತಂದಿತು. ಉಚಿತ, ಖಾತೆ ತೆರೆಯಬೇಕಿಲ್ಲ. ರಾತ್ರಿ ಎಚ್ಚರವಾದಾಗ ಕೈಗೆ ಸಿಗುವಂಥ ಸಣ್ಣ ಸಣ್ಣ ಅಭ್ಯಾಸಗಳಿವೆ. ಚಿಕಿತ್ಸೆಯ ಜೊತೆಗೆ ಬಳಸಿದರೆ ಒಳ್ಳೆಯದು. ಮೇಲಿಂದ ಬೀಳುವ ತುಂಡುಗಳನ್ನು ತಿರುಗಿಸಿ ಜೋಡಿಸುವ ಟೆಟ್ರಿಸ್ ಅನ್ನುವ ವಿಡಿಯೊ ಆಟದ ಬಗ್ಗೆಯೂ ಕೇಳುತ್ತಾರೆ. ಅದು ಬರೀ ಪುಕಾರು ಅಲ್ಲ. ಮನಶ್ಶಾಸ್ತ್ರಜ್ಞೆ ಎಮಿಲಿ ಹೋಮ್ಸ್ ಅವರ ತಂಡ ರಸ್ತೆ ಅಪಘಾತವಾಗಿ ತುರ್ತು ವಿಭಾಗಕ್ಕೆ ಬಂದವರಿಗೆ, ಘಟನೆಯಾದ ಆರು ಗಂಟೆಯೊಳಗೆ, ಆ ನೆನಪನ್ನು ಚುಟುಕಾಗಿ ತಂದುಕೊಂಡು ಆಮೇಲೆ ಟೆಟ್ರಿಸ್ ಆಡಿಸಿತು. ಮೊದಲ ವಾರದಲ್ಲಿ ಅವರಿಗೆ ತಾನಾಗಿ ನುಗ್ಗಿಬರುವ ದೃಶ್ಯಗಳು ಕಡಿಮೆ ಇದ್ದವು. 2017ರಲ್ಲಿ ಪ್ರಕಟವಾದ ಅಧ್ಯಯನ ಅದು. ಕಣ್ಣಿಗೆ ಕೆಲಸ ಕೊಡುವ ಆಟ, ದೃಶ್ಯ ಗಟ್ಟಿಯಾಗಿ ಕೂರುವುದಕ್ಕೆ ಅಡ್ಡ ಬರುತ್ತೆ ಅನ್ನುವುದು ಅದರ ಹಿಂದಿನ ತರ್ಕ. ಅದೊಂದೇ ಸಾಕು ಅಂತ ಮಾತ್ರ ಅಂದುಕೊಳ್ಳಬೇಡಿ.

ಉತ್ತರ ಯಾರು ನೋಡುತ್ತಾರೆ ಅನ್ನುವ ನಿಮ್ಮ ಪ್ರಶ್ನೆ ತುಂಬಾ ಮುಖ್ಯ. ಶುರು ಮಾಡುವ ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತಗೊಳ್ಳಿ. ಉತ್ತರಗಳು ಯಾವ ಸರ್ವರ್‌ನಲ್ಲಿ ಉಳಿಯುತ್ತವೆ, ಹೆಸರಿನ ಜೊತೆಗಾ ಅಥವಾ ಹೆಸರಿಲ್ಲದೆಯಾ? ಮೇಲಧಿಕಾರಿಗೆ ಹೋಗುವುದು ಮುಗಿಸಿದ್ದಾರೆ ಅನ್ನುವ ಮಾಹಿತಿ ಮಾತ್ರವಾ, ಅಂಕಗಳೂ ಹೋಗುತ್ತವಾ? ನಿಮ್ಮ ಅಂಕಗಳು ಮೇಲಧಿಕಾರಿಗೆ ಕಾಣುತ್ತವೆ ಅಂತಾದರೆ ಆ ಪ್ರಶ್ನೆಗಳನ್ನು ಬಿಟ್ಟು ಪಾಠ ಮಾತ್ರ ಮಾಡಿ, ಪಟ್ಟಿಯನ್ನು ಹೊರಗಿನ ತಜ್ಞರ ಹತ್ತಿರ ತುಂಬಿ. ಗುಟ್ಟು ಉಳಿಯುವುದಿಲ್ಲ ಅಂತ ಗೊತ್ತಾದರೆ ಯಾರೂ ನಿಜ ಬರೆಯುವುದಿಲ್ಲ. ಎಲ್ಲರೂ "ಚೆನ್ನಾಗಿದ್ದೇನೆ" ಅಂತ ಬರೆದ ಪಟ್ಟಿ ಇಟ್ಟುಕೊಂಡು ಯಾವ ವಿಭಾಗವೂ ಯಾರನ್ನೂ ಕಾಪಾಡಲಾರದು.

ಹೊಸಪಾಳಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದುತ್ತಾ ಕಣ್ಣು ತುಂಬಿ ಬಂತು. ತಿಂಗಳು ದಾಟೋಕೆ ಇನ್ನೂ ಸ್ವಲ್ಪ ದಿನ ಇದೆ. ಮೇಡಂ ಹೇಳಿದ ಹಾಗೆ ದಿನಾಂಕ ಗುರುತು ಹಾಕಿಕೊಂಡಿದ್ದೇನೆ. ಮೂರನೇ ಪಾಠದವರೆಗೆ ಮಾಡಿದೆ. ಉಸಿರಾಟ ಸುಲಭ ಆಯಿತು. "ಯಾಕೆ"ಯನ್ನು ಬಿಡುವುದು ಕಷ್ಟ ಆಗುತ್ತಿದೆ. ಬಿಟ್ಟರೆ ಆ ಹುಡುಗನನ್ನು ನಾನು ಮರೆತ ಹಾಗೆ ಅನ್ನಿಸುತ್ತೆ. ಇದು ನನಗೊಬ್ಬಳಿಗೇನಾ?

ಇನ್ನೊಂದು. ನನ್ನ ಗಂಡ ರಾತ್ರಿ ಎಚ್ಚರವಾಗಿ ಕೂತಿರುತ್ತಾರೆ, ಏನು ಕೇಳಬೇಕು ಅಂತ ಅವರಿಗೆ ಗೊತ್ತಾಗುತ್ತಿಲ್ಲ. ಅವರಿಗೆ ಏನು ಹೇಳಲಿ?

ಹಳೇಸೈರನ್

ನಿಮಗೊಬ್ಬರಿಗೆ ಅಲ್ಲ. ಮಗುವಿನ ಕೇಸ್ ನೋಡಿದ ಎಷ್ಟೋ ಜನ ನನ್ನ ಹತ್ತಿರ ಇದೇ ಮಾತು ಹೇಳಿದ್ದಾರೆ. ಕೊರಗುವುದನ್ನು ನಿಲ್ಲಿಸಿದರೆ ದ್ರೋಹ ಮಾಡಿದ ಹಾಗೆ ಅನ್ನಿಸುತ್ತೆ. ಹಾಗಿಲ್ಲ ತಂಗಿ. ಆ ಹುಡುಗನನ್ನು ನೆನೆಯೋಕೆ ಒಂದು ಹೊತ್ತು ನೀವೇ ಇಟ್ಟುಕೊಳ್ಳಿ. ಹಗಲಿನಲ್ಲಿ, ಎದ್ದು ಕೂತಿರುವಾಗ. ಬೇಕಾದರೆ ನಾಲ್ಕು ಸಾಲು ಬರೆಯಿರಿ. ಅವನಿಗಾಗಿ ನಿಮ್ಮ ಕೈ ಏನೇನು ಮಾಡಿತು ಅನ್ನುವುದನ್ನೂ ಬರೆಯಿರಿ, ಅದೂ ನಡೆದದ್ದೇ. ಆಗ ರಾತ್ರಿ "ಯಾಕೆ" ಬಂದರೆ, ನಾಳೆ ಹಗಲಿಗೆ ನಿನಗೆ ಜಾಗ ಇದೆ, ಈಗ ಬೇಡ ಅಂತ ಹೇಳೋಕೆ ಆಗುತ್ತೆ.

ಗಂಡನಿಗೆ ಹೀಗೆ ಹೇಳಿ: ಏನಾಯಿತು ಅಂತ ಕೇಳುವುದು ಬೇಡ, ಬೇಗ ಮರೆತುಬಿಡು ಅನ್ನುವುದೂ ಬೇಡ. "ಈಗ ಮಾತಾಡಬೇಕಾ, ಸುಮ್ನೆ ಪಕ್ಕದಲ್ಲಿ ಕೂತಿರಲಾ?" ಅಂತ ಕೇಳಿದರೆ ಸಾಕು. ನೀವು ಯಾವುದು ಅಂತ ಹೇಳಿ, ಅವರು ಅದನ್ನು ಮಾಡಲಿ. ಬಹಳ ದಿನದಿಂದ ನಿದ್ದೆ ಇಲ್ಲ, ಸಿಡುಕು ಜಾಸ್ತಿಯಾಗಿದೆ, ಯಾರ ಹತ್ತಿರವೂ ಸೇರುತ್ತಿಲ್ಲ ಅನ್ನುವುದು ಮನೆಯವರಿಗೇ ಮೊದಲು ಕಾಣುವುದು. ಹಾಗೆ ಕಂಡರೆ ಮೇಡಂ ಹೇಳಿದ ಹಾಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಜವಾಬ್ದಾರಿ ಅವರಿಗೆ ಇರಲಿ. ಈಗಲೇ ಮಾತಾಡಿ ಇಟ್ಟುಕೊಳ್ಳಿ.

ನಾಲ್ಕನೇ ಪಾಠಕ್ಕೆ ಹೋಗುವ ಮೊದಲು ಮೂರನೆಯದನ್ನೇ ಇನ್ನೊಮ್ಮೆ ಮಾಡಿ, ತಿಂಗಳ ಕೊನೆಯ ಗಡುವಿಗೆ ಹೆದರಬೇಡಿ. ಗಡುವು ಮುಂದೂಡಿ, ಪಾಠಕ್ಕೆ ಡ್ಯೂಟಿ ಹೊತ್ತಿನಲ್ಲೇ ಸಮಯ ಕೊಡಿ ಅಂತ ನಿಮ್ಮ ಪಾಳಿಯವರೆಲ್ಲ ಸೇರಿ ಬರೆಯಿರಿ. ಪತ್ರದ ಕರಡು ಇಲ್ಲಿ ಹಾಕಿ, ಏಣಿಗಾಡಿಯವರ ಸ್ಟೇಷನ್ನಿನಲ್ಲಿ ಹೇಗೆ ಹೊತ್ತು ಹೊಂದಿಸಿದರು ಅಂತ ಅವರಿಂದ ಕೇಳಿ ಸೇರಿಸೋಣ. ಹೆಡ್‌ಸೆಟ್ ಅವರ ಕಂಟ್ರೋಲ್ ರೂಮನ್ನೂ ಅದರಲ್ಲೇ ಸೇರಿಸಿ.